ಲವಾನಳ ಹೆಸರಿನಲ್ಲಿದ್ದ ನಕ್ಷೆ

ಪಂಪು ಮತ್ತೆ ಕೆಮ್ಮಿತು, ನೆಲಮಾಳಿಗೆಯಲ್ಲಿ, ಗಂಟಲಿಗೆ ಏನೋ ಸಿಕ್ಕಿದ ಹಾಗೆ, ಆಮೇಲೆ ಗೊರಗೊರ ಎಂದು ನೀರು ಎಳೆಯತೊಡಗಿತು, ಸದ್ಯ, ಎಂದುಕೊಂಡಳು ರೆನೇ, ಆದರೆ ಕಣ್ಣು ಪರದೆ ಬಿಟ್ಟು ಕದಲಲಿಲ್ಲ, ಬಿಳಿ, ಪೂರಾ ಬಿಳಿ, ಒಂದು ರಸ್ತೆಯಿಲ್ಲ, ಒಂದು ಮನೆಯಿಲ್ಲ, ಕಿಟಕಿಯಾಚೆ ಹೊಲಗಳನ್ನೆಲ್ಲ ನುಂಗುತ್ತಿರುವ ನದಿ ಇಲ್ಲಿ ಒಂದು ಗೆರೆಯಾಗಿಯೂ ಇಲ್ಲ, ಎಡಗಡೆ ಪಟ್ಟಿಯಲ್ಲಿ ಮಾತ್ರ ಪದರಗಳ ಹೆಸರು ಒಂದರ ಕೆಳಗೊಂದು, ಪ್ರತಿಯೊಂದರ ಪಕ್ಕದಲ್ಲೂ ಕೆಂಪು ಗುರುತು, ರಸ್ತೆಗಳು ಸಿಗಲಿಲ್ಲ, ಮನೆಗಳು ಸಿಗಲಿಲ್ಲ, ಒಳದಾರಿಗಳು ಸಿಗಲಿಲ್ಲ. ಒಂಬತ್ತು ಇಪ್ಪತ್ತು. ಹನ್ನೊಂದಕ್ಕೆ ಲಾರಿಗಳು ಹೊರಡಬೇಕು, ಒಂದು ಗಂಟೆಯ ಹೊತ್ತಿಗೆ ಒಂಬತ್ತನೇ ನಂಬರಿನ ರಸ್ತೆ ಮುಳುಗುತ್ತದೆ ಎಂದು ನದಿ ಅಳೆಯುವವರು ಹೇಳಿಯಾಗಿದೆ, ಅಷ್ಟರಲ್ಲಿ ಮೂವತ್ತೊಂದು ಮನೆ, ತಾವಾಗಿ ಹೊರಬರಲಾರದವರು ಇರುವ ಮೂವತ್ತೊಂದು ಮನೆ, ಗಾಲಿಕುರ್ಚಿಯವರು, ಆಮ್ಲಜನಕದ ಸಿಲಿಂಡರಿನವರು, ಆ ಕೇಲಾ ಎಂಬ ಹುಡುಗಿ, ಅವಳ ಆರು ವಾರದ ಕೂಸಿನ ಎದೆಗೆ ಕಟ್ಟಿದ, ಉಸಿರು ಕಾಯುವ ಯಂತ್ರ, ಕರೆಂಟು ಹೋಗಿ ಅದು ಬ್ಯಾಟರಿಯ ಮೇಲೆ ಓಡುತ್ತಿದೆ, ಎಷ್ಟು ಹೊತ್ತು ಬರುತ್ತೆ ಎಂದರೆ ಮಧ್ಯಾಹ್ನದವರೆಗೆ ಬರಬಹುದೇನೋ ಎಂದಿದ್ದಳಂತೆ. ಕೌಂಟಿ ಕಚೇರಿಯ ಅಂಗಳದಲ್ಲಿ ಸೈನ್ಯದ ಮೂರು ಲಾರಿ, ಎತ್ತರದ ಚಕ್ರದವು, ಚಾಲಕರೆಲ್ಲ ರಾಜ್ಯದ ದಕ್ಷಿಣದ ಕಡೆಯ ಹುಡುಗರು, ಈ ಕೌಂಟಿಯ ಒಂದು ಮೋರಿಯನ್ನೂ ಕಂಡವರಲ್ಲ, ನಕ್ಷೆ ಇಲ್ಲದೆ ಅವರನ್ನು ಆ ನೀರಿಗೆ ಕಳಿಸುವುದು ಎಂದರೆ—

ಏನೇ ರೆನೇ, ಆಯ್ತಾ? ಬಾಗಿಲಲ್ಲಿ ಡ್ವೇನ್, ಕೌಂಟಿಗೆ ಬೆಂಕಿ ಬಿದ್ದರೂ ನೀರು ನುಗ್ಗಿದರೂ ಅವನೇ ನೋಡಿಕೊಳ್ಳಬೇಕು, ಅದಕ್ಕೆ ಸಂಬಳ, ಎರಡು ದಿನದಿಂದ ಗಡ್ಡ ಬೋಳಿಸಿಲ್ಲ, ಕೈಯಲ್ಲಿ ಕಾಗದದ ಲೋಟ. ಆಗ್ತಾ ಇದೆ, ಎಂದಳು. ಆಗ್ತಾ ಇದೆ ಅಂದ್ರೆ ಆಗಿಲ್ಲ ಅಂತ ಅರ್ಥ, ಹೈಸ್ಕೂಲಲ್ಲೂ ಹಿಂಗೇ ಅಂತಿದ್ದೆ ನೀನು. ನಿನ್ನ ಕಪ್ಪೆ ಕೊಯ್ದುಕೊಟ್ಟು ನಿನ್ನನ್ನ ಪಾಸು ಮಾಡಿಸಿದವಳು ನಾನೇ ಕಣೋ, ಹೋಗು, ಕಾಫಿ ಕುಡಿ. ಫೋನಲ್ಲಿರೋ ನಕ್ಷೆ ಹಾಕ್ಕೊಂಡು ಹೋಗ್ತೀವಿ ಅಂತಿದಾರೆ ಆ ಹುಡುಗ್ರು. ಹೋಗಕೂಡದು ಅಂತ ಹೇಳು, ಡ್ವೇನ್, ಹೇಳು ಅವರಿಗೆ, ಎಂದಳು, ದನಿ ತಾನಂದುಕೊಂಡದ್ದಕ್ಕಿಂತ ಗಟ್ಟಿಯಾಯಿತು, ಅವನು ಲೋಟ ಎತ್ತಿ ಸರಿ ಸರಿ ಎಂದು ಹಿಂದೆ ಸರಿದ. ಫೋನಿನ ನಕ್ಷೆ ಎಲ್ಲ ಮನೆಗೂ ಮುಂದಿನ ದಾರಿಯನ್ನೇ ತೋರಿಸುತ್ತದೆ, ಮುಂದಿನ ದಾರಿ ಎಂದರೆ ಹಳ್ಳದ ಮೇಲಿನ ಮೋರಿ, ಮೋರಿ ಕೊಚ್ಚಿಹೋಗಿದ್ದರೂ ಮೇಲಿನ ನೀರು ನೋಡಲು ಒಂದೇ ಥರ ಮಟ್ಟಸವಾಗಿರುತ್ತದೆ, ಹಿಂದಿನ ಪ್ರವಾಹದಲ್ಲಿ ಹಾಗೆಯೇ ಒಂದು ಲಾರಿ ಮೂಗು ಕೆಳಗಾಗಿ ಬಿದ್ದು ಚಾಲಕ ಮೂರು ಗಂಟೆ ಅದರ ನೆತ್ತಿಯ ಮೇಲೆ ಕೂತಿದ್ದ, ಆವತ್ತೇ ಎದುರು ಮೇಜಿನಲ್ಲಿ ಕೂರುತ್ತಿದ್ದ ಲವಾನ್ ಮೇಜು ಗುದ್ದಿ ಎದ್ದದ್ದು, ಈ ಊರಿನ ದಾರಿ ಯಾವಾಗ ಮುಳುಗುತ್ತೆ ಅಂತ ಗಂಡಸರನ್ನ ಕೇಳಿದರೆ ಪರವಾಗಿಲ್ಲ ಅಂತಾರೆ, ಹೆಂಗಸರನ್ನ ಕೇಳಬೇಕು, ಮಕ್ಕಳನ್ನ ಶಾಲೆ ಬಸ್ಸಿಗೆ ಬಿಡೋರು ಅವರು, ಎಂದು ಪ್ರತಿ ಮಾರ್ಚಿನಲ್ಲಿ ಮನೆಮನೆಗೆ ಫೋನು, ಹಿಂದಿನ ಹೊಲದ ದಾರಿ ಗಟ್ಟಿ ಇದೆಯಾ, ಗೇಟು ಯಾವ ಕಡೆ, ನಾಯಿ ಕಟ್ಟಿರುತ್ತೀರಾ, ಯಾರಾದರೂ ಹಾಸಿಗೆ ಹಿಡಿದಿದ್ದಾರಾ, ಎಲ್ಲವನ್ನೂ ನಕ್ಷೆಗೆ ಏರಿಸುತ್ತಿದ್ದಳು, ಒಳದಾರಿಗಳು ಎಂಬ ಪದರ, ಅದೇ ಈಗ ಕೆಂಪು ಗುರುತು ಹೊತ್ತು ಕೂತಿರುವುದು.

ಒಂದೊಂದಾಗಿ ನೋಡು, ಎಂದುಕೊಂಡಳು, ಗಾಬರಿಯಲ್ಲಿ ಎಲ್ಲವನ್ನೂ ಒಟ್ಟಿಗೆ ಮುಟ್ಟಬೇಡ, ಇದೂ ಅವಳು ಕಲಿಸಿದ್ದೇ, ಮೊದಲು ಆ ಕಡೆ ಜೀವ ಇದೆಯೋ ನೋಡು, ಆಮೇಲೆ ಬಾಗಿಲು ತೆರೆದಿದೆಯೋ, ಆಮೇಲೆ ನಿನ್ನನ್ನ ಒಳಗೆ ಬಿಡುತ್ತಾರೋ. ನಕ್ಷೆ ಬರೆಯುವ ತಂತ್ರಾಂಶ ಈ ಮೇಜಿನ ಮೇಲಿದೆ, ಮನೆಗಳೂ ದಾರಿಗಳೂ ಇರುವುದು ಮಹಡಿ ಮೇಲಿನ ಸರ್ವರಿನಲ್ಲಿ, ಡೇಟಾಬೇಸಿನಲ್ಲಿ, ಇದು ಅದನ್ನು ಕೇಳಿ ತರಿಸಿಕೊಳ್ಳಬೇಕು, ಕೇಳುವವರಿಗೂ ಕೊಡುವವರಿಗೂ ನಡುವೆ ಎಲ್ಲೋ ಕಡಿದಿದೆ. ಮೆಟ್ಟಿಲು ಹತ್ತಿದಳು, ಎರಡೆರಡು ಒಟ್ಟಿಗೆ, ಐವತ್ತಮೂರರ ಮೊಣಕಾಲು ಬೇಡವೆಂದರೂ, ಹಳೆಯ ದಾಖಲೆಗಳ ಕೋಣೆಯಲ್ಲಿ ಆ ಕರಿಯ ಪೆಟ್ಟಿಗೆ ಹಸಿರು ದೀಪ ಮಿನುಗಿಸುತ್ತ ತಣ್ಣಗೆ ಕೂತಿದೆ, ನೀರು ಇಲ್ಲಿಗೆ ಬಂದಿಲ್ಲ, ತಂತಿ ಸಡಿಲವಾಗಿಲ್ಲ, ಒತ್ತಿ ನೋಡಿದಳು, ಇಳಿದು ಬಂದು ತನ್ನ ಯಂತ್ರದಿಂದ ಅದನ್ನು ಕೂಗಿ ನೋಡಿದಳು, ನಾಲ್ಕು ಸಲ ಕೂಗಿದರೆ ನಾಲ್ಕು ಸಲವೂ ಓಗೊಟ್ಟಿತು. ಜೀವ ಇದೆ. ಬಾಗಿಲು? ಅದೂ ತೆರೆದಿದೆ. ಹಾಗಾದರೆ ತನ್ನ ಹೆಸರು, ತನ್ನ ಪಾಸ್‌ವರ್ಡು, ಸಂಪರ್ಕ ಪರೀಕ್ಷಿಸು ಎಂಬುದನ್ನು ಒತ್ತಿದಳು, ಯಶಸ್ವಿ ಎಂದಿತು, ಯಶಸ್ವಿ! ಆ ಪದದ ಮೇಲೆ ಅವಳಿಗೆ ಎಂಥ ಸಿಟ್ಟು ಬಂತೆಂದರೆ, ಯಶಸ್ವಿಯಾದರೆ ನನ್ನ ಮನೆಗಳೆಲ್ಲಿ, ಪಟ್ಟಿಯನ್ನು ಬಿಚ್ಚಿದರೆ ಹೊಲಗದ್ದೆಗಳ ಎಲ್ಲೆಯ ನಕ್ಷೆಗಳಿವೆ, ತೆರಿಗೆಯವರಿಗೆ ಬೇಕಾದವು, ಅವಳು ದಿನವೂ ಮಾಡುವ ಕೆಲಸದವು, ಪ್ರವಾಹದ್ದು ಒಂದೂ ಇಲ್ಲ, ಊಟಕ್ಕೆ ಕರೆದು ಒಳಗೆ ಕೂರಿಸಿ ತಟ್ಟೆಯನ್ನೇ ಇಡದ ಹಾಗೆ. ಒಂಬತ್ತು ನಲವತ್ತು.

ತಡಿ, ಬೆಳಿಗ್ಗೆ ಮೊದಲು ತೆರೆದಾಗ ಒಂದು ಸಣ್ಣ ಪೆಟ್ಟಿಗೆ ಎದ್ದುಬಂದಿತ್ತಲ್ಲ, ಹೆಸರು ಮತ್ತು ಪಾಸ್‌ವರ್ಡು ಕೇಳಿತ್ತು, ಅದರ ತಲೆಯ ಮೇಲೆ ಏನೋ ಒಂದು ಸಾಲು ಇತ್ತು, ಓದಲಿಲ್ಲ, ಓದದೆ ತನ್ನ ಹೆಸರು ಬಡಿದಿದ್ದಳು, ಅಭ್ಯಾಸ, ಯಾರು ಆ ಸಾಲುಗಳನ್ನು ಓದುತ್ತಾರೆ, ಲವಾನ್ ಓದುತ್ತಿದ್ದಳು, ಕನ್ನಡಕ ಮೂಗಿನ ತುದಿಗೆ ಇಳಿಸಿ ಬೆರಳಿಟ್ಟು ಓದುತ್ತಿದ್ದಳು, ಅದು ನಿನಗೆ ಏನಾಗಿದೆ ಅಂತ ಹೇಳ್ತಾ ಇದೆ ಮಗು, ನೀನು ಬಾಯಿ ಮುಚ್ಚು ಅಂತೀಯ. ಕೆಳಗಿನ ಮೂಲೆಯಲ್ಲಿ ಎಲ್ಲ ಸಂದೇಶಗಳೂ ಉಳಿದಿರುತ್ತವೆ, ತೆರೆದಳು, ಬೆರಳಿಟ್ಟಳು, ಓದಿದಳು. ಲವಾನ್ ಎಂಬ ಹೆಸರಿಗೆ ಒಳಬರಲು ಅನುಮತಿಯಿಲ್ಲ. ಅದೇ ಸಾಲು, ರಸ್ತೆಗಳಿಗೆ ಒಮ್ಮೆ, ಮನೆಗಳಿಗೆ ಒಮ್ಮೆ, ಒಳದಾರಿಗಳಿಗೆ ಒಮ್ಮೆ, ಲವಾನ್ ಎಂಬ ಹೆಸರಿಗೆ, ಲವಾನ್ ಎಂಬ ಹೆಸರಿಗೆ— ಅಯ್ಯೋ. ಈ ನಕ್ಷೆಯನ್ನು ಕಟ್ಟಿದವಳು ಅವಳು, ಕಟ್ಟುವಾಗ ತನ್ನ ಹೆಸರನ್ನೂ ಪಾಸ್‌ವರ್ಡನ್ನೂ ಅದರೊಳಗೇ ಸೇರಿಸಿ ಉಳಿಸಿಬಿಟ್ಟಿದ್ದಳು, ಯಾರು ಯಾವ ಮೇಜಿನಿಂದ ತೆರೆದರೂ ನಕ್ಷೆ ಸೀದಾ ಅವಳ ಹೆಸರು ಹೇಳಿಕೊಂಡೇ ಒಳಗೆ ಹೋಗುತ್ತಿತ್ತು, ಜನವರಿಯಲ್ಲಿ ಅವಳು ಸತ್ತಳು, ಚರ್ಚಿನ ನೆಲಮಾಳಿಗೆಯಲ್ಲಿ ಹ್ಯಾಮ್ ಸ್ಯಾಂಡ್‌ವಿಚ್ ತಿಂದು ಎಲ್ಲರೂ ಎಷ್ಟು ಒಳ್ಳೆಯ ಹೆಂಗಸು ಎಂದುಕೊಂಡು ಮನೆಗೆ ಹೋದರು, ನಕ್ಷೆ ಮಾತ್ರ ಫೆಬ್ರವರಿ ಮಾರ್ಚಿನ ಉದ್ದಕ್ಕೂ ಅವಳ ಹೆಸರಿನಲ್ಲೇ ಒಳಗೆ ಹೋಗಿ ಹೊರಗೆ ಬರುತ್ತಿತ್ತು. ಶುಕ್ರವಾರದವರೆಗೆ. ಶುಕ್ರವಾರ ಟ್ರೆವರ್‌ನ ಪತ್ರ ಬಂತು, ಅರುವತ್ತು ಮೈಲಿ ಆಚೆಯ ಪಟ್ಟಣದಲ್ಲಿ ಕೂತು ಐದು ಕೌಂಟಿಗಳ ಸರ್ವರ್ ನೋಡಿಕೊಳ್ಳುವ ಹುಡುಗ, ತೀರಿಕೊಂಡವರ ಖಾತೆ ಇನ್ನೂ ತೆರೆದಿದೆ ಮೇಡಂ, ನಿಯಮದ ಪ್ರಕಾರ ಮುಚ್ಚಬೇಕು, ಇದರ ಮೇಲೆ ಏನಾದರೂ ನಿಂತಿದೆಯೇ ನೋಡಿ ಹೇಳಿ. ನೋಡಿದಳೇ? ನೋಡಲಿಲ್ಲ. ಎರಡು ನಿಮಿಷದಲ್ಲಿ ಉತ್ತರ ಬರೆದಳು, ಏನೂ ಇಲ್ಲ, ಮುಚ್ಚಿ. ಪ್ರತಿ ಬೆಳಿಗ್ಗೆ ಸರ್ವರಿನ ಖಾತೆಗಳ ಪಟ್ಟಿಯಲ್ಲಿ ತನ್ನ ಹೆಸರಿನ ಮೇಲೆಯೇ ಅವಳ ಹೆಸರು ಕಾಣುತ್ತಿತ್ತು, ಕಾಣದಿದ್ದರೆ ಸಾಕಾಗಿತ್ತು, ಅಷ್ಟೇ, ಆಮೇಲೆ ಮರಳಿನ ಚೀಲ ತುಂಬಲು ಓಡಿದಳು, ಶನಿವಾರ ಚೀಲ, ಭಾನುವಾರ ಚೀಲ. ನಾನೇ, ಎಂದಳು ಗಟ್ಟಿಯಾಗಿ, ಖಾಲಿ ಕೋಣೆಗೆ. ಆಯಿತು. ಅಳುವುದಕ್ಕೆ ಈಗ ಹೊತ್ತಿಲ್ಲ. ಒಂಬತ್ತು ಐವತ್ತೆರಡು.

ಫೋನು ಮೂರು ಸಲ ಗಣಗಣಿಸಿದ ಮೇಲೆ ಟ್ರೆವರ್ ಎತ್ತಿದ. ಮೇಡಂ, ಇವತ್ತು ಐದೂ ಕೌಂಟಿಯವರು ನನ್ನ ತಲೆ ತಿಂತಾ ಇದಾರೆ, ಬೇಗ ಹೇಳಿ. ಲವಾನ್ ಖಾತೆ ಮತ್ತೆ ತೆಗೆದುಕೊಡಬೇಕು, ಟ್ರೆವರ್, ಈಗಲೇ. ಹೋದವರ ಖಾತೆ ತೆಗೆಯೋಕೆ ನಂಗೆ ಅಧಿಕಾರ ಇಲ್ಲ ಮೇಡಂ, ಒಂದು ಅರ್ಜಿ ಹಾಕಿ, ನಾಳೆ ನಾಡಿದ್ದರಲ್ಲಿ ನೋಡ್ತಾರೆ. ಪರವಾಗಿಲ್ಲ ಬಿಡಿ, ಎಂಬ ಮಾತು ನಾಲಿಗೆಯ ಮೇಲೆ ಬಂದು ಕೂತಿತು, ತಾನಾಗಿ, ಐವತ್ತಮೂರು ವರ್ಷದ ಅಭ್ಯಾಸ, ಅವಳ ಅಮ್ಮ ಸಾಯುವ ಹಿಂದಿನ ದಿನ ನರ್ಸಿಗೆ ಹೇಳಿದ ಕೊನೆಯ ಮಾತೂ ಅದೇ, ಪರವಾಗಿಲ್ಲ ಬಿಡಮ್ಮ, ಬೇರೆಯವರನ್ನ ನೋಡಿಕೋ. ನುಂಗಿದಳು. ನಾಳೆ ಆಗಲ್ಲ, ಟ್ರೆವರ್, ಮೂವತ್ತೊಂದು ಮನೆ, ದಾರಿಗಳೆಲ್ಲ ಡೇಟಾಬೇಸಿನ ಅವಳ ಟೇಬಲ್ಲುಗಳಲ್ಲಿವೆ, ನನ್ನ ಹೆಸರಿಗೆ ಕಾಣುತ್ತಾ ಇಲ್ಲ. ನೀವೇ ತಾನೇ ಏನೂ ಇಲ್ಲ ಮುಚ್ಚಿ ಅಂತ ಬರೆದಿದ್ದು, ಪತ್ರ ನನ್ನ ಹತ್ರ ಇದೆ. ಹೌದು, ನಾನೇ ಬರೆದದ್ದು, ತಪ್ಪು ಬರೆದೆ, ನೋಡದೆ ಬರೆದೆ, ಅದನ್ನ ನೀವು ಯಾರಿಗೆ ಬೇಕಾದರೂ ತೋರಿಸಿ. ಆ ಕಡೆ ಕೀಲಿಮಣೆಯ ಸದ್ದು ನಿಂತಿತು. ನಮ್ಮ ಜನಕ್ಕೆ ಕಾಫಿ ಬೇಕಾ ಅಂದರೂ ಎರಡು ಸಲ ಬೇಡ ಅಂತಾರೆ, ಎಂದು ಲವಾನ್ ನಗುತ್ತಿದ್ದಳು, ಮೂರನೇ ಸಲ ಕೇಳಿದ ಮೇಲೇ, ಹೇಗೂ ಮಾಡಿದ್ದೀರಲ್ಲ, ಅರ್ಧ ಲೋಟ ಕೊಡಿ ಅನ್ನೋದು, ಎರಡೇ ಸಲ ಕೇಳಿ ಫೋನು ಇಟ್ಟರೆ ನಾವು ಕೇಳಿದ ಹಾಗೇ ಅಲ್ಲ. ಕೇಳುವುದೂ ಹಾಗೆಯೇ, ರೆನೇ ಯಾರನ್ನೂ ಏನನ್ನೂ ಮೂರು ಸಲ ಕೇಳಿದವಳಲ್ಲ, ಗಂಡ ಹೋಗುತ್ತೇನೆ ಎಂದಾಗ ಒಂದೇ ಸಲ ಯಾಕೆ ಎಂದಿದ್ದಳು. ಟ್ರೆವರ್, ಎಂದಳು, ಒಂದು ಕೂಸಿನ ಯಂತ್ರ ಬ್ಯಾಟರಿಯ ಮೇಲಿದೆ, ಅದರ ಮನೆಗೆ ಹಿಂದಿನಿಂದ ದಾರಿಯಿದೆ ಅಂತ ಗೊತ್ತು, ಎಲ್ಲಿ ಅಂತ ಗೊತ್ತಿಲ್ಲ, ನಾನು ಈ ಫೋನು ಇಡುವುದಿಲ್ಲ, ನೀವು ಇಟ್ಟರೆ ಮತ್ತೆ ಮಾಡುತ್ತೇನೆ, ಹೇಗಾದರೂ ಮಾಡಿ ನನ್ನನ್ನು ಒಳಗೆ ಬಿಡಿ.

ಖಾತೆ ತೆಗೆಯಲ್ಲ ಮೇಡಂ, ಅದು ಆಗಲ್ಲ, ಆದ್ರೆ ಬೀಗ ಹಾಕಿದ್ದರೂ ಟೇಬಲ್ಲುಗಳ ಒಡತಿ ಇನ್ನೂ ಅವರೇ, ಅವರಿಗಿದ್ದ ಹಕ್ಕನ್ನೆಲ್ಲ ನಿಮ್ಮ ಹೆಸರಿಗೆ ಕೊಡಬಹುದು, ಅದು ಬೇಡ ಅಂತ ಯಾವ ನಿಯಮದಲ್ಲೂ ಇಲ್ಲ, ಒಂದೇ ಸಾಲು, ತಡೀರಿ, ಎಂದು ಬಡಿಯುತ್ತ ಬಡಿಯುತ್ತ ಬಾಯಲ್ಲಿ ಓದಿದ, ಲವಾನಳನ್ನು ರೆನೇಗೆ ಕೊಡು. ಅಷ್ಟೇನಾ? ಅಷ್ಟೇ. ಆಯ್ತು ನೋಡಿ. ಅಷ್ಟು ಸುಲಭ, ಹದಿನೇಳು ವರ್ಷ ಎದುರುಬದುರು ಕೂತ ಒಬ್ಬಳನ್ನು ಇನ್ನೊಬ್ಬಳಿಗೆ ಕೊಡುವುದು, ಆಸ್ಪತ್ರೆಯಲ್ಲಿ ಕೈ ಹಿಡಿದುಕೊಂಡು ಕೂತಾಗ ಅವಳು ಏನನ್ನೂ ಕೊಡಲಿಲ್ಲ, ಏನನ್ನೂ ಹೇಳಲಿಲ್ಲ, ಮಾರ್ಚ್ ಬರುತ್ತೆ, ಫೋನು ಮರೀಬೇಡ ಎಂದಷ್ಟೇ. ಪಟ್ಟಿಯನ್ನು ಮತ್ತೆ ಬಿಚ್ಚಿದಳು, ಕೆಳಗೆ, ಇನ್ನೂ ಕೆಳಗೆ, ಸುರಿದವು, ಮನೆಗಳು, ಮೋರಿಗಳು, ಒಳದಾರಿಗಳು, ಗೇಟುಗಳು, ನಾಯಿಗಳು ಎಂಬುದೇ ಒಂದು ಪದರ. ಬಂತು ಟ್ರೆವರ್, ಬಂತು. ಸರಿ ಮೇಡಂ, ಆ ಕೂಸಿಂದು ಏನಾಯ್ತು ಅಂತ ಆಮೇಲೆ ಒಂದು ಸಂದೇಶ ಹಾಕಿ, ಎಂದು ಫೋನಿಟ್ಟ. ಹತ್ತು ಹದಿನಾಲ್ಕು.

ಆದರೂ ಲವಾನ್ ಕಟ್ಟಿದ ನಕ್ಷೆ ತೆರೆದರೆ ಮತ್ತೆ ಬಿಳಿ, ಅದು ಇನ್ನೂ ಹಳೆಯ ಹೆಸರನ್ನೇ ಹಿಡಿದು ಬಾಗಿಲು ತಟ್ಟುತ್ತಿದೆ, ಒಂದೊಂದೇ ಪದರವನ್ನು ಹೊಸದಾಗಿ ತಂದು ಬಣ್ಣ ಹಚ್ಚಿ ಅಕ್ಷರ ಕೂರಿಸಲು ಮಧ್ಯಾಹ್ನವಾದೀತು, ಬೇಡ, ಇನ್ನೊಂದು ದಾರಿ ಇದೆ, ನಕ್ಷೆಯ ಕಡತವೂ ಕೊನೆಗೆ ಬರೀ ಅಕ್ಷರಗಳೇ. ಮೊದಲು ನಕಲು ಮಾಡಿಟ್ಟಳು, ಆಮೇಲೆ ಕಡತವನ್ನು ಪತ್ರ ಬಿಚ್ಚುವ ಹಾಗೆ ಬಿಚ್ಚಿದಳು, ಸಾಲು ಸಾಲು, ಅದರ ನಡುವೆ ಲವಾನ್, ಅದರ ಪಕ್ಕದಲ್ಲೇ ಮುಚ್ಚುಮರೆಯಿಲ್ಲದೆ ಅವಳ ಪಾಸ್‌ವರ್ಡು, ಲೆಫ್ಸಾ ಲೆಫ್ಸಾ, ಕ್ರಿಸ್‌ಮಸ್ಸಿಗೆ ಮಾಡುವ ಆಲೂಗೆಡ್ಡೆ ರೊಟ್ಟಿ, ಅಯ್ಯೋ ಹೆಂಗಸೇ, ಇಡೀ ಕಚೇರಿಗೆ ಯಾರೂ ಊಹಿಸಲಾಗದ ಪಾಸ್‌ವರ್ಡು ಇಟ್ಟುಕೊಳ್ಳಿ ಎಂದು ಉಪದೇಶ ಮಾಡುತ್ತಿದ್ದೆಯಲ್ಲ, ರೆನೇಗೆ ನಗು ಬಂತು, ನಗುತ್ತಲೇ ಕಣ್ಣು ಮಂಜಾಯಿತು, ಒರೆಸಿಕೊಂಡಳು. ಹುಡುಕು, ಲವಾನ್. ಬದಲಾಗಿ ಹಾಕು, ರೆನೇ. ಬೆರಳು ಅಲ್ಲೇ ನಿಂತಿತು, ಒಂದು ಕ್ಷಣ, ಶುಕ್ರವಾರ ಎಷ್ಟು ಬೇಗ ಅಳಿಸಿದ್ದಳು, ಈಗ ಒತ್ತಲಾಗುತ್ತಿಲ್ಲ— ಕಿಟಕಿಯಾಚೆ ಲಾರಿಯ ಇಂಜಿನ್ನು ಶುರುವಾಯಿತು, ಒತ್ತಿದಳು. ನಲವತ್ತೊಂದು ಕಡೆ ಬದಲಾಯಿಸಲಾಗಿದೆ. ಪಾಸ್‌ವರ್ಡು, ನಲವತ್ತೊಂದು ಕಡೆ. ಉಳಿಸಿದಳು. ತೆರೆದಳು. ಮೊದಲು ನದಿ ಬಂತು, ನೀಲಿ, ಸೊಟ್ಟಸೊಟ್ಟ, ಆಮೇಲೆ ರಸ್ತೆಗಳು ಚೌಕಚೌಕವಾಗಿ ಬಿದ್ದವು, ಆಮೇಲೆ ಮನೆಗಳು, ಕೆಂಪು ಚುಕ್ಕೆ, ಕೆಂಪು ಚುಕ್ಕೆ, ಎಣಿಸಿದಳು, ಮೂವತ್ತೊಂದು, ಪ್ರತಿಯೊಂದಕ್ಕೂ ಹಸಿರು ಗೆರೆಯ ಒಳದಾರಿ. ಡ್ವೇನ್, ಎಂದು ಕೂಗಿದಳು, ಡ್ವೇನ್, ಬಾರೋ! ಮುದ್ರಣಯಂತ್ರ ಬಿಸಿಬಿಸಿ ಹಾಳೆ ಉಗುಳುತ್ತಿತ್ತು, ಅವನು ಒಂದನ್ನೆತ್ತಿ ನೋಡಿ, ಕೇಲಾ ಮನೆಗೆ ಬೀಟ್ ಗೆಡ್ಡೆ ಹೊಲದ ಏರಿ ಮೇಲೆ ಹೋಗೋದಾ, ಥೂ, ನಾನಾಗಿದ್ರೆ ಮುಂದಿಂದಲೇ ಕಳಿಸ್ತಿದ್ದೆ, ಎಂದ, ದನಿ ಇಳಿದಿತ್ತು, ಹಾಳೆಗಳನ್ನು ಜಾಕೆಟ್ಟಿನೊಳಗೆ ತುರುಕಿಕೊಂಡು ಓಡಿದ. ಹತ್ತು ನಲವತ್ತೇಳಕ್ಕೆ ಮೂರೂ ಲಾರಿ ಗೇಟು ದಾಟಿದವು, ಹನ್ನೊಂದೂವರೆಗೆ ರೇಡಿಯೋದಲ್ಲಿ ಯಾರೋ ಹುಡುಗ, ತಾಯಿ ಮಗು ಇಬ್ಬರನ್ನೂ ಹತ್ತಿಸಿಕೊಂಡೆವು, ಯಂತ್ರ ಕುಯ್‌ಗುಡ್ತಾ ಇದೆ, ಕೂಸು ಅದಕ್ಕಿಂತ ಜೋರಾಗಿ ಕಿರುಚ್ತಾ ಇದೆ, ಎಂದ.

ಈಗ ಕಾಫಿ ಕುಡಿಯಬಹುದಿತ್ತು. ಕುಡಿಯಲಿಲ್ಲ, ಯಾಕೆಂದರೆ ಕೆಂಪಿನ ನಡುವೆ ಬೂದುಬಣ್ಣದ ಚುಕ್ಕೆಗಳು, ಬೂದು ಎಂದರೆ ನಮಗೇನೂ ಬೇಡ ಎಂದವರ ಮನೆ, ಕಳೆದ ವರ್ಷದ ನಕ್ಷೆಯಲ್ಲಿ ಐದಿದ್ದವು, ಈ ವರ್ಷ ಹತ್ತೊಂಬತ್ತು. ಒಂದೇ ವರ್ಷದಲ್ಲಿ ಹದಿನಾಲ್ಕು ಮನೆಯವರು ಗಟ್ಟಿಯಾಗಿಬಿಟ್ಟರೇ? ಅಲ್ಲ, ಫೋನು ಮಾಡಿದವಳು ಬೇರೆ, ಈ ಸಲ ತಾನು. ಮಾರ್ಚಿನಲ್ಲಿ ಲವಾನಳ ಕುರ್ಚಿಗೆ ಬೆನ್ನು ಮಾಡಿ ಕೂತು ಮಾಡಿದ ಫೋನುಗಳು, ಸಹಾಯ ಏನಾದರೂ ಬೇಕಾ, ಬೇಡ ಅಂತೀರಾ, ಸರಿ ಹಾಗಾದರೆ, ಎಂದು ಒಂದೇ ಸಲ ಕೇಳಿ ಇಟ್ಟ ಫೋನುಗಳು, ಆ ಕುರ್ಚಿಯ ಕಡೆ ತಿರುಗುವ ಮೊದಲೇ ಮುಗಿಸಬೇಕಿತ್ತು, ಮುಗಿಸಿದಳು, ಬೂದು ಹಚ್ಚಿದಳು. ನದಿಗೆ ಹತ್ತಿರದ ಚುಕ್ಕೆಯಿಂದ ಶುರುಮಾಡಿದಳು. ಮೊದಲ ಮನೆಯವರು ನಿನ್ನೆಯೇ ಮಗಳ ಊರಿಗೆ ಹೋಗಿದ್ದರು. ಎರಡನೆಯ ಮನೆಯಲ್ಲಿ ಟ್ರ್ಯಾಕ್ಟರಿತ್ತು, ಮೂರು ಸಲ ಕೇಳಿದ್ದಕ್ಕೆ, ಏನಮ್ಮ ನಿನಗೆ ಕಿವಿ ಕೇಳ್ಸಲ್ವಾ ಎಂದು ಬೈದರು, ಬೈಯಲಿ. ಮೂರನೆಯದು ಗ್ಲೆನಿಸ್, ಶಾಲೆ ಬಸ್ಸು ಓಡಿಸುವವಳು, ಊರಿನ ಅರ್ಧ ಮಕ್ಕಳನ್ನು ಹೊತ್ತವಳು, ಮಾರ್ಚ್ ಕೊನೆಗೆ ಸೊಂಟದ ಕೀಲು ಬದಲಾಯಿಸಿಕೊಂಡಳಂತೆ, ಅದಕ್ಕೂ ಮೊದಲೇ ರೆನೇ ಬೂದು ಹಚ್ಚಿಯಾಗಿತ್ತು. ಗ್ಲೆನಿಸ್, ನಾನು ರೆನೇ, ಕೌಂಟಿ ಕಚೇರಿಯಿಂದ, ಲಾರಿ ಕಳಿಸಲಾ? ಅಯ್ಯೋ ಬೇಡ ಕಣೇ, ನಾನು ಚೆನ್ನಾಗಿದ್ದೀನಿ, ನನಗಿಂತ ಕಷ್ಟದಲ್ಲಿರೋರು ಬೇಕಾದಷ್ಟು ಜನ ಇದಾರೆ. ಒಂದು ಲಾರಿಯಲ್ಲಿ ಜಾಗ ಇದೆ, ನಿಮ್ಮ ಕಡೆಯೇ ಬರ್ತಾ ಇದೆ, ಬರಲಿ ಅಂತೀರಾ? ಬೇಡ ಬೇಡ, ಪಾಪ ಆ ಹುಡುಗರಿಗೆ ಯಾಕೆ ತೊಂದರೆ. ಸರಿ ಹಾಗಾದರೆ ಎಂಬುದು ಬಾಯಿಗೆ ಬಂತು, ಬಂದದ್ದನ್ನು ಹಲ್ಲಿನಲ್ಲಿ ತಡೆದಳು. ಗ್ಲೆನಿಸ್, ಲಾರಿ ಕಳಿಸಲಾ? ರೆನೇ ಕಿವಿಗೊಟ್ಟು ಕಾದಳು, ತಂತಿಯ ಆ ಕಡೆ ಏನೋ ತೇಲಿ ಗೋಡೆಗೆ ಮೆಲ್ಲಗೆ ಬಡಿಯುತ್ತಿತ್ತು, ಟಕ್, ಟಕ್. ಸ್ವಲ್ಪ ನೀರು ಬಂದಿದೆ ಒಳಗೆ, ಎಂದಳು ಗ್ಲೆನಿಸ್, ನಾಚಿಕೊಂಡ ಹಾಗೆ. ಸ್ವಲ್ಪ ಅಂದ್ರೆ ಎಷ್ಟು? ಮಂಚದ ಮೇಲೆ ಕೂತಿದ್ದೀನಿ ಕಣೇ. ಬೂಟು ತೊಡೆ ಮೇಲೆ ಇಟ್ಕೊಂಡಿದ್ದೀನಿ. ಬಗ್ಗೋ ಹಾಗಿಲ್ಲ ಅಂದಿದಾರಲ್ಲ ಡಾಕ್ಟ್ರು, ಹಾಕ್ಕೊಳ್ಳೋಕೆ ಆಗ್ಲಿಲ್ಲ.

ಬೂದು ಚುಕ್ಕೆಯನ್ನು ಒತ್ತಿದಳು, ಕೆಂಪು ಮಾಡಿದಳು, ಉಳಿಸು, ಅವಳ ಸ್ವಂತ ಹೆಸರಿನಲ್ಲಿ ಆ ಪದರ ಸ್ವೀಕರಿಸಿದ ಮೊದಲ ಚುಕ್ಕೆ, ಮೂವತ್ತೆರಡು, ಒಳದಾರಿ ಉತ್ತರದ ಕಣಜದ ಪಕ್ಕದಿಂದ, ಲವಾನ್ ಎಂದೋ ಎಳೆದಿಟ್ಟ ಹಸಿರು ಗೆರೆ, ಇನ್ನೊಂದು ಕೈಯಲ್ಲಿ ರೇಡಿಯೋ, ಡ್ವೇನ್, ಎರಡನೇ ಲಾರಿ ತಿರುಗಿಸು, ತಿರುಗಿಸ್ತಿದೀನಿ, ಎಷ್ಟು ಹೊತ್ತು, ಇಪ್ಪತ್ತು ನಿಮಿಷ, ಗ್ಲೆನಿಸ್, ಇಪ್ಪತ್ತು ನಿಮಿಷ, ಫೋನು ಇಡಬೇಡಿ, ನಾನೂ ಇಡಲ್ಲ. ಇಡಲ್ಲ ಬಿಡು, ಎಂದಳು ಗ್ಲೆನಿಸ್, ಬೇರೆಯವರಿಗೆ ತೊಂದರೆ ಆಗಲ್ಲ ತಾನೇ? ಇನ್ನೂ ಹದಿನಾರು ಬೂದು ಚುಕ್ಕೆ ಇವೆ, ಡ್ವೇನ್‌ನ ಹೆಂಡತಿಯನ್ನು ಕರೆಸಿ ಕೂರಿಸಬೇಕು, ಇನ್ನೊಂದು ಫೋನು ಬೇಕು, ಮೂರು ಸಲ ಕೇಳು ಎಂದು ಮೊದಲೇ ಹೇಳಿಕೊಡಬೇಕು, ಎಂದೆಲ್ಲ ತಲೆ ಓಡುತ್ತದೆ, ಓಡಿ ಮತ್ತೆ ಅಲ್ಲಿಗೇ ಬರುತ್ತದೆ, ಮಂಚಕ್ಕೆ, ಸುತ್ತ ಮಟ್ಟಸವಾದ ಕಂದು ನೀರು, ಟಕ್, ಟಕ್, ಮಂಚದ ಮೇಲೆ ದೊಡ್ಡ ಹೆಂಗಸೊಬ್ಬಳು ನೆಟ್ಟಗೆ, ಕಾಲಲ್ಲಿ ಬರೀ ಕಾಲುಚೀಲ, ಇವತ್ತು ಇಪ್ಪತ್ತು ನಿಮಿಷ, ಕೇಳದೇ ಇದ್ದಿದ್ದರೆ ಎಷ್ಟು ಹೊತ್ತು, ಯಾರಿಗೂ ಫೋನು ಮಾಡುತ್ತಿರಲಿಲ್ಲ ಅವಳು, ಹಾಗೇ ಕೂತಿರುತ್ತಿದ್ದಳು, ನೆಟ್ಟಗೆ, ತೊಡೆಯ ಮೇಲೆ ಬೂಟು, ಎರಡೂ ಕೈಯಲ್ಲಿ ಹಿಡಿದುಕೊಂಡ ಬೂಟು, ಒಣ ಬೂಟು—